ಮಗುವಿನ ಅಳತೆಯ ಕಡಲು

ದಸರೆಗೋ ಕ್ರಿಸ್‌ಮಸ್‌ಗೋ ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾರುಗಳು ಸಾಲುಗಟ್ಟಿ ಘಟ್ಟ ಇಳಿಯುತ್ತವೆ. ಗೋಕರ್ಣ, ಮುರುಡೇಶ್ವರ, ಮರವಂತೆ, ಮಲ್ಪೆ, ಪಣಂಬೂರು, ಎಲ್ಲಿ ನೋಡಿದರೂ ಜನ. ಹಿಂದಿನ ಸೀಟಿನಲ್ಲಿ ಮೂರು ವರ್ಷದ್ದೊಂದು, ಆರು ವರ್ಷದ್ದೊಂದು ಮಗು. ದಡದಲ್ಲಿ ಜೆಟ್ ಸ್ಕೀ, ಬನಾನಾ ಬೋಟ್, ಪ್ಯಾರಾಸೇಲಿಂಗ್, ಸ್ಕೂಬಾ ಎಂದು ಬೋರ್ಡುಗಳು. ಇಷ್ಟು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಕಡಲಲ್ಲಿ ಸಾಹಸ ಸಾಧ್ಯವೇ ಎಂಬುದು ಅಪ್ಪ ಅಮ್ಮಂದಿರ ಪ್ರಶ್ನೆ.

ಸಾಧ್ಯ. ಆದರೆ ಕಡಲನ್ನು ಅಳೆಯುವ ಕೋಲು ಮಗುವಿನದ್ದಾಗಬೇಕು. ಅದೇ ನೀರು, ಅದೇ ಬಿಸಿಲು, ಅದೇ ಮರಳು ಹದಿನಾಲ್ಕು ಕಿಲೋ ತೂಕದ ಮೈಯ ಮೇಲೆ ಬೇರೆಯೇ ರೀತಿ ವರ್ತಿಸುತ್ತವೆ. ಅಪಾಯವಷ್ಟೇ ಅಲ್ಲ, ಬೆರಗೂ ಆ ಅಳತೆಯಲ್ಲಿ ಬದಲಾಗುತ್ತದೆ.

ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಅಪ್ಪನ ಮೊಣಕಾಲು ಮುಟ್ಟುವ ನೀರು ಅದಕ್ಕೆ ಸೊಂಟಕ್ಕೆ ಬರುತ್ತದೆ. ಇದು ಕಣ್ಣಿಗೆ ಕಾಣುವ ಲೆಕ್ಕ. ಕಾಣದೇ ಇರುವುದು ನೀರಿನ ಬಲ. ಒಂದು ಘನ ಮೀಟರ್ ಕಡಲ ನೀರು ಸುಮಾರು 1025 ಕಿಲೋ ತೂಗುತ್ತದೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅಲೆಯ ಕಥೆಯೂ ಇದೇ: ಎತ್ತರ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಸೊಂಟದವರೆಗೆ ಮುಳುಗಿದ ಮೈಯನ್ನು ನೀರೇ ಅರ್ಧ ಎತ್ತಿಹಿಡಿದಿರುತ್ತದೆ, ಹಾಗಾಗಿ ಪಾದಕ್ಕೆ ನೆಲದ ಹಿಡಿತ ಕಡಿಮೆ. ಅದೇ ಹೊತ್ತಿಗೆ ಹಿಂದಕ್ಕೆ ಸರಿಯುವ ಅಲೆ ಅಂಗಾಲಿನ ಕೆಳಗಿನ ಮರಳನ್ನೂ ಕೊರೆದು ಒಯ್ಯುತ್ತದೆ. ನಮಗೆ ಕಚಗುಳಿ ಇಟ್ಟ ಅಲೆ ಮಗುವನ್ನು ಉರುಳಿಸುವುದು ಹೀಗೆ.

ಅಲೆ ಎಲ್ಲಿ ಒಡೆಯುತ್ತದೆ ಎಂದು ನೋಡಿದರೆ ಆಳದ ಅಂದಾಜು ಸಿಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮಗುಚಿ ನೊರೆಯಾಗುತ್ತದೆ. ದೂರದಲ್ಲೇ ಒಡೆದು, ನೊರೆಯಾಗಿ, ಮೆಲ್ಲಗೆ ದಡಕ್ಕೆ ಬರುತ್ತಿದ್ದರೆ ಅಲ್ಲಿ ತಳದ ಇಳಿಜಾರು ಕಡಿಮೆ, ಮಕ್ಕಳಿಗೆ ಒಳ್ಳೆಯ ಜಾಗ. ದಡದ ಅಂಚಿಗೇ ಬಂದು ದೊಪ್ಪನೆ ಬೀಳುತ್ತಿದ್ದರೆ ಅಲ್ಲಿ ಕಡಲು ಒಮ್ಮೆಲೇ ಆಳವಾಗುತ್ತದೆ. ಅಂಥ ಕಡೆ ಮರಳಿನಲ್ಲಿ ಆಡಿಸಿ, ನೀರಿಗೆ ಬಿಡಬೇಡಿ.

ಇನ್ನು ರಿಪ್ ಕರೆಂಟ್ ಎನ್ನುವ ಸೆಳೆತ. ಇದನ್ನು ಪ್ರತಿಯೊಬ್ಬ ತಂದೆ ತಾಯಿಯೂ ಅರಿತಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನಮ್ಮ ಕಣ್ಣೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲೆಗಳು ಒಂದರ ಹಿಂದೊಂದು ದಡಕ್ಕೆ ನೀರು ಸುರಿಯುತ್ತಲೇ ಇರುತ್ತವೆ. ಬಂದ ನೀರು ಹಿಂದಿರುಗಲೇಬೇಕು. ದಡದಿಂದ ಸ್ವಲ್ಪ ಆಚೆ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ, ಅವುಗಳ ನಡುವೆ ಅಲ್ಲಲ್ಲಿ ತಗ್ಗು. ಹಿಂದಿರುಗುವ ನೀರೆಲ್ಲ ಆ ತಗ್ಗಿನಲ್ಲಿ ಸೇರಿ, ಕಿರಿದಾದ ಹರಿವಾಗಿ ಕಡಲಿನತ್ತ ಓಡುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ವೇಗ. ಕೆಲವೊಮ್ಮೆ 2 ಮೀಟರ್ ದಾಟುವುದೂ ಉಂಟು. ಒಲಿಂಪಿಕ್ ಈಜುಗಾರರು ಪೂರ್ತಿ ಜೋರಿನಲ್ಲಿ ಈಜುವ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಆ ತಗ್ಗಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಅಲ್ಲಿ ಒಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ನಡುವೆ ಕಪ್ಪಗಿನ ಶಾಂತ ನೀರಿನ ಪಟ್ಟಿ. ಮಕ್ಕಳಿರುವ ಮನೆಯವರು ಅಲೆಯ ಗಲಾಟೆಯಿಲ್ಲದ ಜಾಗ ಹುಡುಕುತ್ತಾ ಹೋಗಿ ನಿಲ್ಲುವುದು ಬಹಳ ಸಲ ಅದರ ಬಾಯಲ್ಲೇ. ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ, ಸಾಧ್ಯವಾದರೆ ಸ್ವಲ್ಪ ಎತ್ತರದಲ್ಲಿ ನಿಂತು ನೋಡಿ. ನೊರೆ, ಕಸಕಡ್ಡಿ, ಕದಡಿದ ಮರಳು ಕಡಲ ಕಡೆಗೆ ಸಾಗುತ್ತಿರುವ ಪಟ್ಟಿ ಕಂಡರೆ ಅಲ್ಲಿಂದ ದೂರ ಇರಿ. ಬಂಡೆಗಳು ಕಡಲಿಗೆ ಚಾಚಿಕೊಂಡ ಕಡೆ, ತಡೆಗೋಡೆಗಳ ಮಗ್ಗುಲಲ್ಲಿ ಈ ಸೆಳೆತ ಸುಲಭವಾಗಿ ಹುಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಇದರ ಜೊತೆಗೆ ಅಳಿವೆಗಳೂ ಇವೆ. ಅಘನಾಶಿನಿ, ಶರಾವತಿ, ಸ್ವರ್ಣಾ, ನೇತ್ರಾವತಿ, ಎಲ್ಲ ಹೊಳೆಗಳ ಬಾಯಲ್ಲೂ ಇಳಿತದ ಹೊತ್ತಿಗೆ ನೀರು ರಭಸದಿಂದ ಕಡಲಿಗೆ ನುಗ್ಗುತ್ತದೆ. ಅಳಿವೆಯ ಮರಳುದಂಡೆ ನೋಡಲು ಎಷ್ಟೇ ಚೆಂದವಿರಲಿ, ಮಕ್ಕಳನ್ನು ಅಲ್ಲಿ ನೀರಿಗಿಳಿಸಬಾರದು.

ರಿಪ್ ಕರೆಂಟ್ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ದಡದತ್ತಲೇ ಈಜಿ ಈಜಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಕೊಂಡವರು ತೇಲುತ್ತ, ಕೈ ಎತ್ತಿ ಸಹಾಯ ಕೇಳಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸರಿದು, ನೊರೆಯಿರುವ ಕಡೆಯಿಂದ ವಾಪಸಾಗಬೇಕು. ಪುಟ್ಟ ಮಗುವಿಗೆ ಇದ್ಯಾವುದೂ ಆಗದ ಮಾತು.

ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿದು ಕಿರುಚುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬರುವ ಚೂರು ಹೊತ್ತು ಉಸಿರೆಳೆದುಕೊಳ್ಳುವುದಕ್ಕೇ ಮುಗಿದುಹೋಗುತ್ತದೆ, ಕೂಗಲು ಉಸಿರು ಉಳಿಯುವುದಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ನೀರಿನಲ್ಲಿರುವ ಪುಟ್ಟ ಮಗು ಕೈಗೆಟುಕುವಷ್ಟೇ ದೂರದಲ್ಲಿರಬೇಕು, ಅದನ್ನು ನೋಡಿಕೊಳ್ಳುವವರ ಕೈಯಲ್ಲಿ ಫೋನ್ ಇರಬಾರದು. ಗಾಳಿ ತುಂಬಿದ ಬಾತುಕೋಳಿ ಟ್ಯೂಬುಗಳು ಈಜುಕೊಳದ ಆಟಿಕೆಗಳು. ಕಡಲಲ್ಲಿ ನೆಲದ ಕಡೆಯಿಂದ ಗಾಳಿ ಬೀಸಿದರೆ ಟ್ಯೂಬಿನ ಜೊತೆ ಮಗುವೂ ಆಚೆಗೆ ತೇಲುತ್ತದೆ. ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ, ಸ್ವಚ್ಛತೆ ಮತ್ತು ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಜೀವರಕ್ಷಕರಿರುವ ಇಂಥ ಜಾಗವನ್ನೇ ಆರಿಸಿಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಂತೂ ನೀರಿಗಿಳಿಯುವ ಯೋಚನೆಯೇ ಬೇಡ.

ಬಿಸಿಲಿನ ಲೆಕ್ಕವೂ ಮಗುವಿಗೆ ಬೇರೆ. ಹತ್ತು ಕಿಲೋ ತೂಕದ ಮಗುವಿನ ಚರ್ಮದ ವಿಸ್ತೀರ್ಣ ಸುಮಾರು ಅರ್ಧ ಚದರ ಮೀಟರ್, ಅರವತ್ತು ಕಿಲೋ ತೂಕದ ದೊಡ್ಡವರದು 1.6ರ ಆಸುಪಾಸು. ಕಿಲೋ ಲೆಕ್ಕದಲ್ಲಿ ನೋಡಿದರೆ ಮಗುವಿಗೆ ಹೆಚ್ಚುಕಡಿಮೆ ಎರಡರಷ್ಟು ಚರ್ಮ. ಶಾಖ ಒಳಬರುವುದೂ ಹೊರಹೋಗುವುದೂ ಚರ್ಮದ ಮೂಲಕವೇ ಆದ್ದರಿಂದ ಸುಡುವ ದಡದಲ್ಲಿ ಮಗು ಬೇಗ ಕಾಯುತ್ತದೆ, ನೀರಿನಲ್ಲಿ ಬೇಗ ತಣಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. 28 ಡಿಗ್ರಿಯ ಬೆಚ್ಚನೆಯ ಅರಬ್ಬಿ ಸಮುದ್ರದಲ್ಲೂ ಮಗುವಿನ ತುಟಿ ನೀಲಿಯಾಗಿ ಹಲ್ಲು ಕಟಕಟ ಎನ್ನುವುದು ಅದಕ್ಕೇ. ಆಗ ಹೊರಗೆ ಕರೆತಂದು, ಒರೆಸಿ, ಒಣಬಟ್ಟೆ ಹೊದಿಸಿ. ಬಾಯಾರಿಕೆಯನ್ನು ಮಕ್ಕಳು ಆಟದಲ್ಲಿ ಮರೆಯುತ್ತಾರೆ; ಕೇಳದಿದ್ದರೂ ಆಗಾಗ ನೀರೋ ಸಿಯಾಳವೋ ಕೊಡುತ್ತಿರಬೇಕು.

ಕೊಡೆಯ ಕೆಳಗೆ ಕೂರಿಸಿದರೆ ಬಿಸಿಲು ತಾಗದು ಎಂದುಕೊಳ್ಳುತ್ತೇವೆ. ಆದರೆ ಒಣ ಮರಳು ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ಹದಿನೈದರಷ್ಟನ್ನೂ, ಕಡಲ ನೊರೆ ಇಪ್ಪತ್ತೈದರಷ್ಟನ್ನೂ ಮೇಲಕ್ಕೆ ಚಿಮ್ಮಿಸುತ್ತವೆ. ನೀರಿನೊಳಗೆ ಅರ್ಧ ಮೀಟರ್ ಆಳದಲ್ಲೂ ಸುಮಾರು ನಲವತ್ತರಷ್ಟು ಉಳಿದಿರುತ್ತದೆ. ಮೈಬಣ್ಣದ ಮೆಲನಿನ್ ನಮಗೆ ಸ್ವಲ್ಪ ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ. ತುಂಬುತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಉಳಿದ ಕಡೆಗೆ ಸನ್‌ಸ್ಕ್ರೀನ್. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು. ಮಕ್ಕಳಿಗೇ ಒಂದು ಆಟ ಕಲಿಸಿ: ನಿನ್ನ ನೆರಳು ನಿನಗಿಂತ ಗಿಡ್ಡವಾದರೆ ಒಳಗೆ ಓಡು.

ನೀರಿನಡಿಯ ಜಗತ್ತು ತೋರಿಸುವ ಆಸೆ ಸಹಜ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸ್ಕೂಬಾ ಈಗ ಮನೆಮಾತು. ಆದರೆ ಹತ್ತು ವರ್ಷದೊಳಗಿನವರಿಗೆ ಕಡಲಿನ ಸ್ಕೂಬಾ ಬೇಡ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹೆದರಿದ ಮಗು ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ ಆ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು. ಸ್ನಾರ್ಕೆಲ್ ನಳಿಗೆಯಲ್ಲೂ ಒಂದು ಸಣ್ಣ ಲೆಕ್ಕವಿದೆ. ಎರಡು ಸೆಂಟಿಮೀಟರ್ ಒಳವ್ಯಾಸ, ನಲವತ್ತು ಸೆಂಟಿಮೀಟರ್ ಉದ್ದದ ನಳಿಗೆಯಲ್ಲಿ ಸುಮಾರು 125 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಹದಿನೈದು ಕಿಲೋ ತೂಕದ ಮಗು ಸಹಜವಾಗಿ ಒಮ್ಮೆ ಎಳೆದುಕೊಳ್ಳುವ ಉಸಿರು ನೂರು ಮಿಲಿಲೀಟರಿನಷ್ಟು. ಅಂದರೆ ದೊಡ್ಡವರ ನಳಿಗೆ ಕಚ್ಚಿಕೊಂಡ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಈಜುಕನ್ನಡಕ ಒಂದನ್ನು ಹಾಕಿ, ಬಂಡೆ ನಡುವಿನ ಮೊಣಕಾಲುದ್ದದ ನೀರಿನಲ್ಲಿ ಮುಖ ಅದ್ದಿಸಿದರೆ ಸಾಕು. ಸಣ್ಣ ಮೀನು, ಕಪ್ಪೆಚಿಪ್ಪು, ಬೇರೊಂದು ಜೀವಿಯ ಶಂಖ ಹೊತ್ತು ನಡೆಯುವ ಸನ್ಯಾಸಿ ಏಡಿ ಎಲ್ಲವೂ ಅಲ್ಲೇ ಸಿಗುತ್ತವೆ.

ನಿಜವಾದ ಸಾಹಸ ಶುರುವಾಗುವುದು ಇಲ್ಲಿಂದ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಮಗುವಿಗೆ ಲೈಫ್ ಜಾಕೆಟ್ ಅದರ ಅಳತೆಯದ್ದೇ ಆಗಿರಲಿ. ದೊಡ್ಡವರ ಜಾಕೆಟ್ ನೀರಿನಲ್ಲಿ ತಲೆಯ ಮೇಲಿಂದ ಕಳಚಿಹೋಗುತ್ತದೆ. ದ್ವೀಪದಲ್ಲಿ ಯಾರೋ ಕಡೆದು ನಿಲ್ಲಿಸಿದಂಥ ಐದು, ಆರು ಮೂಲೆಯ ಕಲ್ಲುಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಬೇಸಿಗೆಯಲ್ಲಿ ಕೆರೆಯ ತಳ ಒಣಗಿ ಬಿರುಕು ಬಿಡುವಂತೆ, ತಣ್ಣಗಾಗುತ್ತ ಕುಗ್ಗಿದ ಲಾವಾ ಮೇಲಿಂದ ಕೆಳಗಿನವರೆಗೂ ಸೀಳಿ ಕಂಬಗಳಾಯಿತು. ಆರು ವರ್ಷದ ಮಗುವಿಗೆ ಇದನ್ನು ಹೇಳಿ ನೋಡಿ, ಪ್ರತಿ ಕಂಬದ ಮೂಲೆ ಎಣಿಸದೆ ಅದು ಮುಂದೆ ಹೋಗುವುದಿಲ್ಲ.

ಮರಳಿನ ಗೂಡು ಕಟ್ಟುವುದರಲ್ಲೂ ಭೌತವಿಜ್ಞಾನ ತುಂಬಿದೆ. ಒಣ ಮರಳು ನಿಲ್ಲದು, ನೀರಿನಲ್ಲಿ ನೆನೆದು ಹೋದದ್ದೂ ನಿಲ್ಲದು. ಕಣ ಕಣಗಳ ನಡುವೆ ನೀರಿನ ಪುಟ್ಟ ಸೇತುವೆಗಳು ಉಂಟಾದಾಗ ಮೇಲ್ಮೈ ಎಳೆತ ಅವುಗಳನ್ನು ಹಿಡಿದಿಡುತ್ತದೆ. ಅದಕ್ಕೆ ತೀರಾ ಕಡಿಮೆ ನೀರು ಸಾಕು ಎಂದು ಪ್ರಯೋಗಗಳು ತೋರಿಸಿವೆ. ಮಿಕ್ಕದ್ದು ಚೆನ್ನಾಗಿ ತಟ್ಟುವ ಕೆಲಸ. ಬಿಸಿಲಿಗೆ ಈ ಸೇತುವೆಗಳು ಒಣಗಿದ ಕೂಡಲೇ ಗೋಡೆ ಕುಸಿಯುತ್ತದೆ. ಆದ್ದರಿಂದಲೇ ಆಳವಾದ ಗುಂಡಿ ತೋಡಿ ಮಗು ಅದರೊಳಗೆ ಇಳಿಯುವ ಆಟ ಜೀವಕ್ಕೆ ಎರವಾಗಬಲ್ಲದು. ಗುಂಡಿ ಮಗುವಿನ ಮೊಣಕಾಲಿಗಿಂತ ಆಳ ಬೇಡ.

ನೀರು ಇಳಿದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ಸಾವಿರಾರು ಪುಟ್ಟ ಮರಳುಂಡೆಗಳು ಒಂದು ತೂತಿನ ಸುತ್ತ ಸಾಲುಸಾಲಾಗಿ ಹರಡಿರುವುದನ್ನು ನೋಡಿರುತ್ತೀರಿ. ಅವು ಬೆರಳುಗುರಿನಷ್ಟು ಸಣ್ಣ ಏಡಿಯ ಊಟದ ಗುರುತು. ಚಿಮಟದಿಂದ ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿ, ಜೈವಿಕ ಚೂರುಗಳನ್ನು ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ದೂಡುತ್ತದೆ. ಹೆಜ್ಜೆಯ ಅದುರು ತಾಗಿದೊಡನೆ ಎಲ್ಲವೂ ಬಿಲದೊಳಕ್ಕೆ. ಅಲುಗಾಡದೆ ಕುಕ್ಕರುಗಾಲಲ್ಲಿ ಕುಳಿತರೆ ಕೆಲವೇ ನಿಮಿಷದಲ್ಲಿ ಮೊದಲು ಕಣ್ಣು, ಆಮೇಲೆ ಚಿಮಟ, ಆಮೇಲೆ ಇಡೀ ಏಡಿ. ಇದನ್ನು ನೋಡಲು ನೆಲಕ್ಕೆ ಹತ್ತಿರ ಇರುವವರಿಗೇ ಹೆಚ್ಚು ಸುಲಭ.

ಮಳೆಗಾಲ ಕಳೆದ ಮೇಲೆ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಅಲೆಯ ಅಂಚು ನೀಲಿಯಾಗಿ ಮಿನುಗುವುದುಂಟು. ನಾಕ್ಟಿಲೂಕಾ ಎಂಬ ಏಕಕೋಶ ಜೀವಿಯ ಬೆಳಕು ಅದು. ಅಲೆ ಒಡೆದು ಅಲುಗಾಡಿಸಿದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ಬೆಳಗುತ್ತದೆ. ಒದ್ದೆ ಮರಳಿನ ಮೇಲೆ ಮಗು ಕುಣಿದರೆ ಹೆಜ್ಜೆಗೂ ಬೆಳಕು ಬರುತ್ತದೆ. ಇನ್ನು, ದಡಕ್ಕೆ ಬಿದ್ದ ಜೆಲ್ಲಿಫಿಶ್ ಸತ್ತಿದೆ ಎಂದು ಮುಟ್ಟಲು ಬಿಡಬೇಡಿ. ಅದರ ಕುಟುಕು ಕೋಶಗಳು ಸತ್ತ ಮೇಲೂ ಸಿಡಿಯುತ್ತವೆ. ಕುಟುಕಿದರೆ ಮರಳಿನಿಂದ ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಲ್ಲೇ ತೊಳೆದು ವೈದ್ಯರಲ್ಲಿಗೆ ಹೋಗಿ.

ಬೆಳಿಗ್ಗೆ ದಡದಲ್ಲಿ ಕೈರಂಪಣಿ ಬಲೆ ಎಳೆಯುವುದು ಕಂಡರೆ ತಪ್ಪದೆ ಮಕ್ಕಳನ್ನು ಕರೆದೊಯ್ಯಿರಿ. ಹತ್ತಾರು ಜನ ಎರಡು ಸಾಲಾಗಿ ಹಗ್ಗ ಎಳೆದು ಬಲೆ ಮೇಲೆ ತರುತ್ತಾರೆ. ಕೇಳಿಕೊಂಡರೆ ಮಕ್ಕಳಿಗೂ ಹಗ್ಗಕ್ಕೆ ಕೈ ಹಾಕಲು ಬಿಟ್ಟಾರು. ಬಲೆಯಲ್ಲಿ ಬಂಗುಡೆ ಸಿಕ್ಕಿದ್ದರೆ ಒಂದನ್ನು ಕೈಯಲ್ಲಿ ಹಿಡಿಸಿ ತೋರಿಸಿ: ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ. ಮೇಲಿಂದ ನೋಡುವ ಹಕ್ಕಿಗೆ ಬೆನ್ನು ಕಡಲಿನ ಕಪ್ಪಿನಲ್ಲಿ ಬೆರೆಯುತ್ತದೆ, ಕೆಳಗಿನಿಂದ ಬರುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕಾಣದಾಗುತ್ತದೆ. ತೊರಕೆ ಮೀನು ಬಿದ್ದಿದ್ದರೆ ದೂರ ನಿಲ್ಲಿಸಿ, ಬಾಲದಲ್ಲಿ ವಿಷದ ಮುಳ್ಳಿರುತ್ತದೆ. ಮಿಕ್ಕ ಮೀನುಗಳಲ್ಲಿ ಯಾವುದನ್ನು ಮುಟ್ಟಬಹುದು, ಯಾವುದು ಬೇಡ ಎಂದು ಮಗು ಬಲೆಯವರನ್ನೇ ಕೇಳಲಿ.