ಒಕವಾಂಗೊ ನೀರಿನಲ್ಲಿ ಕುದುರೆ ಗೊರಸು

ಬೋಟ್ಸ್ವಾನಾದಲ್ಲಿ ಜೂನ್, ಜುಲೈ ಎಂದರೆ ಒಣ ಚಳಿಗಾಲ. ತಿಂಗಳುಗಟ್ಟಲೆ ಮಳೆಯ ಹನಿಯಿಲ್ಲದೆ ಹುಲ್ಲು ಬಿಳಚಿಕೊಂಡಿರುತ್ತದೆ. ಒಕವಾಂಗೊ ತುಂಬಿ ಬರುವುದು ಆಗಲೇ. ವರ್ಷದ ಮೊದಲ ತಿಂಗಳುಗಳಲ್ಲಿ ಅಂಗೋಲಾದ ಎತ್ತರದ ನಾಡಿನಲ್ಲಿ ಸುರಿದ ಮಳೆ ಕುಬಾಂಗೊ, ಕುಯಿಟೊ ನದಿಗಳಲ್ಲಿ ಇಳಿದು, ನಿಧಾನವಾಗಿ ದಕ್ಷಿಣಕ್ಕೆ ಸಾಗಿ, ಕಲಹಾರಿಯ ಮರಳಿನ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತದೆ. ಈ ನೀರು ಕಡಲು ಸೇರುವುದಿಲ್ಲ. ಬಹುಪಾಲು ಅಲ್ಲೇ ಆವಿಯಾಗುತ್ತದೆ, ಉಳಿದದ್ದು ಮರಳಿಗೆ ಇಂಗುತ್ತದೆ. ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ 2014ರಲ್ಲಿ ಸೇರಿದ ಈ ಮುಖಜಭೂಮಿ ಆ ಪಟ್ಟಿಯ ಸಾವಿರನೇ ತಾಣ.

ಬಯಲಿಗೆ ಹರಡಿದ ನೀರು ಬಹಳ ಕಡೆ ಮೊಣಕಾಲುದ್ದ, ಕೆಲವು ಕಡೆ ಸೊಂಟದುದ್ದ. ಜೀಪು ಹೂತುಕೊಳ್ಳುತ್ತದೆ, ಮೋಟಾರು ದೋಣಿಯ ತಳ ನೆಲಕ್ಕೆ ತಾಗುತ್ತದೆ. ಸ್ಥಳೀಯರು ಮೊಕೊರೊ ಎಂಬ ಕಿರಿದಾದ ದೋಣಿಯಲ್ಲಿ ನಿಂತು, ಉದ್ದನೆಯ ಕೋಲೂರಿ ಓಡಾಡುತ್ತಾರೆ. ಅದನ್ನು ಬಿಟ್ಟರೆ ಇಲ್ಲಿಯ ನೀರಿಗೂ ನೆಲಕ್ಕೂ ಒಂದೇ ಸಮ ಒಗ್ಗುವುದು ಕುದುರೆ. ಕೆಳಗೆ ಗಟ್ಟಿ ಮರಳಿರುವುದರಿಂದ ಹೊಟ್ಟೆ ತಾಗುವಷ್ಟು ನೀರಿದ್ದರೂ ನಡೆದುಹೋಗುತ್ತದೆ, ಕಡಿಮೆಯಿದ್ದರೆ ಓಡಲು ತಾನೇ ಹಾತೊರೆಯುತ್ತದೆ. ಜೌಗಿನಲ್ಲೇ ಬಾಳುವ ಕೆಂಪು ಲೆಚ್ವೆ ಎಂಬ ಹುಲ್ಲೆಗಳು ಅಕ್ಕಪಕ್ಕದಲ್ಲಿ ನೀರು ಚಿಮ್ಮಿಸಿಕೊಂಡು ನೆಗೆಯುತ್ತಿರುತ್ತವೆ. ನಡುನಡುವೆ ತಾಳೆಮರ ಹೊತ್ತ ಸಣ್ಣ ಸಣ್ಣ ದ್ವೀಪಗಳು. ಅವುಗಳಲ್ಲಿ ಎಷ್ಟೋ ದ್ವೀಪಗಳು ಮೊದಲಿಗೆ ಗೆದ್ದಲು ಕಟ್ಟಿದ ಹುತ್ತಗಳಾಗಿದ್ದವು. ನೀರಿನಿಂದ ಮೇಲೆ ಉಳಿದ ಹುತ್ತದ ಮೇಲೆ ಹಕ್ಕಿಗಳು ಬೀಜ ಹಾಕಿ, ಮರ ಹುಟ್ಟಿ, ಬೇರಿನ ಸುತ್ತ ಮಣ್ಣು ನಿಂತು ಬೆಳೆದವು.

ಆಫ್ರಿಕಾದ ಕುದುರೆ ಸಫಾರಿಗಳಲ್ಲಿ ಹೆಸರಾದವು ಇಲ್ಲೇ ಇವೆ. ಒಕವಾಂಗೊ ಹಾರ್ಸ್ ಸಫಾರೀಸ್ 1986ರಿಂದ ನಡೆಯುತ್ತಿದೆ. ಮುಖಜಭೂಮಿಯ ಪಶ್ಚಿಮ ಅಂಚಿನಲ್ಲಿ ಮಕಾಟೂ ಎಂಬ ಇನ್ನೊಂದು ಕುದುರೆ ಸಫಾರಿ ಶಿಬಿರವಿದೆ. ಮೌನ್ ಪಟ್ಟಣದಿಂದ ಸಣ್ಣ ವಿಮಾನದಲ್ಲಿ ಹೋಗಿ ಇಳಿಯಬೇಕು. ಒಂದು ತಂಡದಲ್ಲಿ ಸಾಮಾನ್ಯವಾಗಿ ಎಂಟು ಹತ್ತು ಜನರೊಳಗೇ ಸವಾರರು. ಮುಂದೊಬ್ಬ ಗೈಡ್, ಹಿಂದೊಬ್ಬ ಸಹಾಯಕ. ಮುಂದಿನ ಗೈಡನ್ನು ಯಾರೂ ದಾಟಿ ಹೋಗುವಂತಿಲ್ಲ.

ಬಂಡೀಪುರ, ಕಬಿನಿಯ ಜೀಪಿನಲ್ಲಿ ಕೂತವರಿಗೆ ಗೊತ್ತು: ನಾವು ವಾಹನದೊಳಗೆ, ಪ್ರಾಣಿಗಳು ಹೊರಗೆ. ಜಿಂಕೆ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತದೆ, ಅದರ ಪಾಲಿಗೆ ಜೀಪು ದಿನವೂ ಬಂದು ಹೋಗುವ ಒಂದು ವಸ್ತು. ಕುದುರೆ ಏರಿದವನ ಕಥೆ ಬೇರೆ. ಕುದುರೆ ಹುಲ್ಲು ತಿನ್ನುವ ಪ್ರಾಣಿ, ಜೀಬ್ರಾದ ಹತ್ತಿರದ ನೆಂಟ. ನಾಲ್ಕು ಕಾಲಿನ ಆಕಾರ, ಮೈಯ ವಾಸನೆ, ಗೊರಸಿನ ಸದ್ದು ಎಲ್ಲವೂ ಆ ಬಯಲಿಗೆ ಪರಿಚಿತ. ಕಾಲ್ನಡಿಗೆಯ ಮನುಷ್ಯನನ್ನು ದೂರದಿಂದಲೇ ಕಂಡು ಓಡುವ ಜೀಬ್ರಾ, ಜಿರಾಫೆಗಳು ಸವಾರನನ್ನು ಹೊತ್ತ ಕುದುರೆ ಹತ್ತಿರ ಬಂದರೂ ಎಷ್ಟೋ ಹೊತ್ತು ಕದಲುವುದಿಲ್ಲ. ಕೆಲವೊಮ್ಮೆ ಕುತೂಹಲದಿಂದ ಅವೇ ನಾಲ್ಕು ಹೆಜ್ಜೆ ಮುಂದೆ ಬರುತ್ತವೆ. ಓಟ ಶುರುವಾದರೆ ಜೊತೆಗೇ ಓಡುತ್ತವೆ. ಜಿರಾಫೆ ಓಡುವಾಗ ಅದರ ಕತ್ತು ಹಿಂದೆ ಮುಂದೆ ತೂಗುವುದನ್ನು ಅದೇ ವೇಗದಲ್ಲಿ ಪಕ್ಕದಿಂದ ನೋಡುವ ಭಾಗ್ಯ ಬೇರೆ ಯಾವ ಸಫಾರಿಯಲ್ಲಿದೆ?

ಆದರೆ ಮೇಯುವ ಹಿಂಡಿಗೆ ಸೇರಿದ ಮೇಲೆ ಆ ಹಿಂಡಿನ ಭಯಕ್ಕೂ ಸೇರಿದಂತಾಯಿತು. ಸಿಂಹದ ಕಣ್ಣಿಗೆ ಕುದುರೆ ಆಹಾರ. ಕುದುರೆ ಸಫಾರಿಯ ತಿರುಳು ಇರುವುದೇ ಇಲ್ಲಿ. ಬೇಟೆಗೆ ಬಲಿಯಾಗಬಹುದಾದ ಒಂದು ಜೀವದ ಬೆನ್ನ ಮೇಲೆ ಕೂತು, ಅದರ ಎಚ್ಚರವನ್ನು ನಮ್ಮ ಎಚ್ಚರ ಮಾಡಿಕೊಂಡು ಕಾಡನ್ನು ನೋಡುವುದು. ಹೀಗೆ ನೋಡಿದ ಕಾಡು ಬೇರೆಯದೇ ಕಾಡು.

ಅನುಭವಿ ಸವಾರ ಕಾಡನ್ನು ಎಷ್ಟು ನೋಡುತ್ತಾನೋ ಕುದುರೆಯ ಕಿವಿಯನ್ನೂ ಅಷ್ಟೇ ನೋಡುತ್ತಾನೆ. ಕುದುರೆಗೆ ಮೂತಿಯ ಎದುರು, ಬಾಲದ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಎರಡು ಕಿವಿಗಳನ್ನು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿಡಬಲ್ಲದು. ಸಡಿಲವಾಗಿ ಆಡುತ್ತಿದ್ದ ಕಿವಿಗಳು ತಟ್ಟನೆ ಒಂದೇ ಪೊದೆಯ ಕಡೆ ನೆಟ್ಟಗಾದವು, ಕತ್ತು ಮೇಲೆದ್ದಿತು, ತೊಡೆಯ ಕೆಳಗೆ ಅದರ ಮೈ ಬಿಗಿಯಿತು, ಮೂಗಿನಿಂದ ಜೋರಾಗಿ ಒಮ್ಮೆ ಉಸಿರು ಬಿಟ್ಟಿತು ಎಂದರೆ ಗೈಡ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸುತ್ತಾನೆ. ಅಲ್ಲಿ ಇರುವುದು ಕಾಡುಹಂದಿಯೇ ಆಗಿರಬಹುದು. ಸಿಂಹವಾಗಿದ್ದರೆ ನಿಯಮ ಒಂದೇ: ಓಡಕೂಡದು. ಓಡಿದ್ದನ್ನು ಅಟ್ಟುವುದು ಸಿಂಹದ ರಕ್ತದಲ್ಲೇ ಇದೆ. ಕುದುರೆಗಳನ್ನು ಒತ್ತಾಗಿ ಸೇರಿಸಿ, ಮುಖವನ್ನು ಸಿಂಹದ ಕಡೆಗೇ ತಿರುಗಿಸಿ ನಿಲ್ಲಿಸುತ್ತಾರೆ. ಗೈಡ್ ಮುಂದೆ ಬಂದು ಉದ್ದನೆಯ ಚಾವಟಿಯನ್ನು ಗಾಳಿಯಲ್ಲಿ ಬೀಸಿ ಸಿಡಿಸುತ್ತಾನೆ. ಬಂದೂಕಿನ ಸದ್ದಿನಷ್ಟೇ ತೀಕ್ಷ್ಣವಾದ ಸದ್ದು ಅದು. ಹೆಗಲಲ್ಲಿ ರೈಫಲ್ ಇದ್ದೇ ಇರುತ್ತದೆ. ಅದನ್ನು ಬಳಸುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಒಳ್ಳೆಯ ಗೈಡಿನ ಹೆಗ್ಗಳಿಕೆ.

ಆನೆಯ ವಿಷಯದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಮೊದಲ ಲೆಕ್ಕ, ಹಿಂದಕ್ಕೆ ಹೋಗಲು ದಾರಿ ತೆರೆದಿದೆಯೇ ಎಂಬುದು ಎರಡನೆಯದು. ಮರಿಯಿರುವ ಹಿಂಡನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತಾರೆ. ಹಿಂಡು ಬಿಟ್ಟು ಒಂಟಿಯಾಗಿರುವ ಮುದಿ ಕಾಡುಕೋಣ ಪೊದೆಯಲ್ಲಿ ಮಲಗಿದ್ದು ಎದ್ದು ನುಗ್ಗುವುದುಂಟು. ಆಳದ ಕಾಲುವೆ ದಾಟುವ ಮುನ್ನ ನೀರಾನೆ, ಮೊಸಳೆಗಳನ್ನು ನೋಡಿಕೊಳ್ಳಬೇಕು. ಇಷ್ಟೆಲ್ಲ ಇದ್ದರೂ ಸವಾರರು ಬೀಳುವುದಕ್ಕೆ ಇನ್ನೂ ಸಾದಾ ಕಾರಣ ಒಂದಿದೆ, ಬಿಲ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ರಾತ್ರಿಯೆಲ್ಲ ನೆಲ ಅಗೆಯುವ ಪ್ರಾಣಿ. ಅದು ತೋಡಿಟ್ಟ ಗುಂಡಿ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ನಾಗಾಲೋಟದಲ್ಲಿ ಕುದುರೆಯ ಮುಂಗಾಲು ಅದರೊಳಗೆ ಹೋದರೆ ಇಬ್ಬರೂ ನೆಲಕ್ಕೆ. ಅದಕ್ಕೇ ಮುಂದಿರುವವನು ಗುಂಡಿ ಕಂಡ ಕೂಡಲೇ ಕೂಗುತ್ತಾನೆ, ಹಿಂದಿನವರು ಒಬ್ಬರಿಂದೊಬ್ಬರಿಗೆ ಆ ಕೂಗನ್ನು ದಾಟಿಸುತ್ತಾರೆ.

ಕುದುರೆ ಈ ನೆಲದಲ್ಲಿ ಬದುಕಿರುವುದೇ ಒಂದು ದೊಡ್ಡ ಸಾಹಸ. ಸಹಾರಾದ ದಕ್ಷಿಣಕ್ಕೆ ಅದು ಹುಟ್ಟು ಪ್ರಾಣಿಯಲ್ಲ, ಹೊರಗಿನಿಂದ ಬಂದವರ ಜೊತೆ ಬಂದದ್ದು. ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ನಮ್ಮ ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿದ್ದ ವಿಲಿಯಂ ಕಾಟನ್ ಆಸ್ವೆಲ್ ಆರೋಗ್ಯ ಕೆಟ್ಟು ಆಫ್ರಿಕಾಕ್ಕೆ ಹೋದವನು. ಕುದುರೆಯೇರಿ ಬೇಟೆಯಾಡುವುದರಲ್ಲಿ ಹೆಸರು ಮಾಡಿದ. 1849ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಜೊತೆ ಕಲಹಾರಿ ದಾಟಿ, ಒಕವಾಂಗೊದ ದಕ್ಷಿಣ ತುದಿಯ ಎನ್‌ಗಾಮಿ ಸರೋವರ ಮುಟ್ಟಿದ. ಅಂಥವರ ಕುದುರೆಗಳಿಗೂ ಎತ್ತುಗಳಿಗೂ ತ್ಸೆತ್ಸೆ ನೊಣ ಇರುವ ಕಾಡೇ ಗಡಿಯಾಗಿತ್ತು. ಆ ನೊಣ ಕಚ್ಚಿದರೆ ನಾಗಾನಾ ರೋಗ, ಸೊರಗಿ ಸೊರಗಿ ಸಾವು. ನೊಣ ಹರಡುವ ಆ ಪರಾವಲಂಬಿ ಜೀವಿಯನ್ನು ವೈದ್ಯ ಡೇವಿಡ್ ಬ್ರೂಸ್ ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನಲ್ಲಿ ಗುರುತಿಸುವ ಹೊತ್ತಿಗೆ 1890ರ ದಶಕ ಬಂದಿತ್ತು. ಒಕವಾಂಗೊದಿಂದ ತ್ಸೆತ್ಸೆ ಕಾಲು ಕಿತ್ತದ್ದು ತೀರಾ ಈಚೆಗೆ. 2001 ಮತ್ತು 2002ರಲ್ಲಿ ವಿಮಾನಗಳಿಂದ ಕೀಟನಾಶಕ ಸಿಂಪಡಿಸಿ ಅದನ್ನು ತೊಡೆದುಹಾಕಿದರು. ಬೇರೆ ಕೀಟಗಳಿಗೂ ಅದರಿಂದ ಪೆಟ್ಟು ಬಿತ್ತು ಎಂಬುದನ್ನು ಮರೆಯಬಾರದು.

ತ್ಸೆತ್ಸೆಗಿಂತ ಭಯಂಕರವಾದದ್ದು ಆಫ್ರಿಕನ್ ಕುದುರೆ ರೋಗ. ಒಂದರಿಂದ ಮೂರು ಮಿಲಿಮೀಟರ್ ಉದ್ದದ ನೊರಜು ಇದರ ವೈರಸ್ಸನ್ನು ಹರಡುತ್ತದೆ. ಜೀಬ್ರಾದ ಮೈಯಲ್ಲಿ ವೈರಸ್ ಇದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಕುದುರೆಗೆ ತಗುಲಿದರೆ ಶ್ವಾಸಕೋಶಕ್ಕೆ ನೀರು ತುಂಬಿ, ಮೂಗಿನಲ್ಲಿ ನೊರೆ ಬಂದು, ಬೆಳಿಗ್ಗೆ ಮೇವು ತಿಂದ ಕುದುರೆ ಸಂಜೆಗೆ ಇಲ್ಲವಾಗಬಹುದು. 1854-55ರಲ್ಲಿ ಕೇಪ್ ವಸಾಹತು ಒಂದರಲ್ಲೇ ಸುಮಾರು 70,000 ಕುದುರೆಗಳು ಸತ್ತವು. ರೋಗ ಬಂದು ಬದುಕಿ ಉಳಿದ ಕುದುರೆಗೆ ಆ ಕಾಲದಲ್ಲಿ ಹಲವು ಪಟ್ಟು ಬೆಲೆ. ನಮ್ಮನ್ನೂ ಇದು ಬಿಟ್ಟಿಲ್ಲ. 1959ರಿಂದ 61ರವರೆಗೆ ಮಧ್ಯಪ್ರಾಚ್ಯದಿಂದ ಪಾಕಿಸ್ತಾನ, ಭಾರತದವರೆಗೆ ಹಬ್ಬಿದ ಪಿಡುಗಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವು.

ಪ್ರಿಟೋರಿಯಾ ಬಳಿಯ ಓಂಡರ್‌ಸ್ಟೆಪೂರ್ಟ್ ಪಶುವೈದ್ಯ ಸಂಶೋಧನಾಲಯ ಈ ರೋಗದ ವಿರುದ್ಧ ಹೋರಾಡಿದ ಮುಖ್ಯ ಸಂಸ್ಥೆ. 1908ರಲ್ಲಿ ಅದನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಆರ್ನಲ್ಡ್ ತೈಲರ್. ಅವರ ಮಗ ಮ್ಯಾಕ್ಸ್ ತೈಲರ್ ಮನುಷ್ಯರ ಹಳದಿ ಜ್ವರಕ್ಕೆ ಲಸಿಕೆ ಕಂಡುಹಿಡಿದು 1951ರಲ್ಲಿ ನೊಬೆಲ್ ಪಡೆದರು. ಹಳದಿ ಜ್ವರದ ವೈರಸ್ಸನ್ನು ಇಲಿಯ ಮೆದುಳಿನಲ್ಲಿ ಬೆಳೆಸುವ ಮಗನ ವಿಧಾನವನ್ನೇ ಹಿಡಿದು, ತಂದೆಯ ಸಂಸ್ಥೆಯಲ್ಲಿ ಕುದುರೆ ರೋಗಕ್ಕೂ ಲಸಿಕೆ ತಯಾರಾಯಿತು. ಕೀನ್ಯಾಕ್ಕೆ ಹೋಗಿಬರುವ ಭಾರತೀಯರು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳುವ ಹಳದಿ ಕಾರ್ಡಿಗೂ, ಅಲ್ಲಿ ಅವರು ಏರುವ ಕುದುರೆಯ ಲಸಿಕೆಗೂ ಒಂದೇ ಮನೆತನದ ನಂಟು!

ಜೀಬ್ರಾದ ಪಟ್ಟೆಗಳೂ ಕಚ್ಚುವ ನೊಣಗಳ ಕಥೆಗೆ ಸೇರಿದವೇ. ಜೀವವಿಜ್ಞಾನಿ ಟಿಮ್ ಕ್ಯಾರೊ ಮತ್ತು ಸಂಗಡಿಗರು ಇಂಗ್ಲೆಂಡಿನ ಲಾಯವೊಂದರಲ್ಲಿ ಕುದುರೆಗಳಿಗೆ ಪಟ್ಟೆಯ ಹೊದಿಕೆ ಹಾಕಿ ನೋಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಚ್ಚುವ ನೊಣಗಳು ಹತ್ತಿರವೇನೋ ಬಂದವು, ಪಟ್ಟೆಯ ಮೇಲೆ ಸರಿಯಾಗಿ ಕೂರಲಾರದೆ ಹೋದವು.

ಇಷ್ಟೆಲ್ಲ ರೋಗ, ಅಪಾಯಗಳ ನಡುವೆ ಕುದುರೆ ಸಾಕುವ ಇಂಥ ಶಿಬಿರದ ಜೀವಾಳ ಲಾಯ, ಲಾಯದ ಜೀವಾಳ ಕುದುರೆ ನೋಡಿಕೊಳ್ಳುವ ಸೈಸ್‌ಗಳು. ಬೆಳಕು ಹರಿಯುವ ಮೊದಲೇ ಅವರ ದಿನ ಶುರು. ಮೇವು, ನೀರು, ಮೈಯುಜ್ಜುವುದು, ಗೊರಸಿನೊಳಗಿನ ಕಲ್ಲುಮಣ್ಣು ಕೆದರಿ ತೆಗೆಯುವುದು. ಮರಳಿನ ನೆಲವಾದ್ದರಿಂದ ಎಷ್ಟೋ ಕುದುರೆಗಳಿಗೆ ಲಾಳ ಬೇಕಾಗುವುದಿಲ್ಲ, ಗೊರಸನ್ನು ಹದವಾಗಿ ಹೆರೆದರೆ ಸಾಕು. ಜೀನಿನ ಕೆಳಗೆ ಹಾಸುವ ಬಟ್ಟೆಯಲ್ಲಿ ಒಂದು ಮಡಿಕೆ ಉಳಿದರೂ ಸಂಜೆಗೆ ಬೆನ್ನಿನಲ್ಲಿ ಹುಣ್ಣು. ಬೆನ್ನು ಹುಣ್ಣಾದ ಕುದುರೆಯನ್ನು ವಾರಗಟ್ಟಲೆ ಏರುವಂತಿಲ್ಲ. ಅದಕ್ಕೇ ಹಳೆಯ ಸೈಸ್ ಜೀನು ಇಟ್ಟ ಮೇಲೂ ಅಂಗೈಯನ್ನು ಅದರ ಕೆಳಗೆ ತೂರಿಸಿ, ಹೆಗಲಿನ ಕೂದಲು ನೆಟ್ಟಗೆ ಮಲಗಿದೆಯೇ ಎಂದು ಸವರಿ ನೋಡಿಯೇ ಪಟ್ಟಿ ಬಿಗಿಯುವುದು. ರಾತ್ರಿ ಸಿಂಹ, ಕತ್ತೆಕಿರುಬಗಳಿಂದ ಕುದುರೆಗಳನ್ನು ಕಾಯುವುದೂ ಇವರದೇ ಪಾಲು. ಅತಿಥಿಗಳ ಫೋಟೊಗಳಲ್ಲಿ ಸೈಸ್‌ಗಳು ಕಾಣುವುದು ಕಡಿಮೆ. ಆ ಫೋಟೊಗಳು ಸಾಧ್ಯವಾಗಿರುವುದು ಅವರಿಂದ.

ಕೀನ್ಯಾದ ಮಸಾಯಿ ಮಾರಾ ಸೀಮೆಯಲ್ಲಿ ಕುದುರೆ ಸಫಾರಿಯ ರೂಪ ಬೇರೆ. ಅಲ್ಲಿ ಶಿಬಿರವೇ ಮುಂದೆ ಮುಂದೆ ಸಾಗುತ್ತದೆ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಸವಾರಿ ಮಾಡಿ, ಹೊಸ ಜಾಗದಲ್ಲಿ ಹೂಡಿದ ಡೇರೆ ಸೇರಬೇಕು. ದಾರಿ ಹೆಚ್ಚಾಗಿ ಮಸಾಯಿಗಳ ಜಮೀನಿನ ಮೇಲೆ. ಜಮೀನಿನವರು ಗುತ್ತಿಗೆ ಹಣ ಪಡೆದು ಬೇಲಿ ಹಾಕದೆ ಬಿಟ್ಟದ್ದರಿಂದಲೇ ವೈಲ್ಡ್‌ಬೀಸ್ಟ್‌ಗಳಿಗೂ ಸವಾರರಿಗೂ ಆ ಬಯಲು ಉಳಿದಿದೆ. ನಮೀಬಿಯಾದಲ್ಲಿ ಮರುಭೂಮಿ ದಾಟಿ ಅಟ್ಲಾಂಟಿಕ್ ತೀರದ ಸ್ವಾಕೊಪ್‌ಮುಂಡ್ ತಲುಪುವ ದೀರ್ಘ ಸವಾರಿಯಿದೆ. ಅಲ್ಲಿ ಪ್ರಾಣಿಗಳು ವಿರಳ, ಬಯಲೇ ಎಲ್ಲ.

ಖರ್ಚು ದುಬಾರಿ, ನಮ್ಮ ಮಧ್ಯಮ ವರ್ಗದ ಕೈಗೆಟುಕುವಂಥದಲ್ಲ. ಆದರೂ ಇದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೋಟ್ಸ್ವಾನಾ 2014ರಲ್ಲಿ ಮೋಜಿನ ಬೇಟೆ ನಿಷೇಧಿಸಿ, 2019ರಲ್ಲಿ ಮತ್ತೆ ತೆರೆಯಿತು. ಕಾಡಂಚಿನ ಊರಿಗೆ ಆದಾಯ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅಲ್ಲಿ ಇನ್ನೂ ಬಿಸಿಯಾಗಿದೆ. ಹೊಸ ರಸ್ತೆ ಕಡಿಯದೆ, ಎಂಜಿನ್ ಸದ್ದಿಲ್ಲದೆ, ಕೆಲವೇ ಅತಿಥಿಗಳಿಂದ ಹತ್ತಾರು ಮನೆಗಳಿಗೆ ಸಂಬಳ ತರುವ ಈ ಕಸುಬು ಆ ಪ್ರಶ್ನೆಗೆ ಒಂದು ಮರ್ಯಾದಸ್ಥ ಉತ್ತರ. ಅತಿಥಿ ಬಾರದ ದಿನವೂ ಕುದುರೆಗೆ ಮೇವು ಹಾಕಲೇಬೇಕು. ಕೊರೊನಾ ಕಾಲದಲ್ಲಿ ಗಡಿಗಳು ಮುಚ್ಚಿದಾಗ ಜೀಪುಗಳನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಬಹುದಿತ್ತು, ಲಾಯಕ್ಕೆ ಬೀಗ ಹಾಕುವಂತಿರಲಿಲ್ಲ.

ಹೋಗಬೇಕೆಂಬ ಆಸೆಯಿದ್ದವರು ಮೊದಲು ಸವಾರಿ ಕಲಿಯಬೇಕು. ಮಕ್ಕಳಾಗಿದ್ದಾಗ ಊಟಿಯಲ್ಲಿ ಕುದುರೆ ಮೇಲೆ ಒಂದು ಸುತ್ತು ಹಾಕಿದ್ದು ಲೆಕ್ಕಕ್ಕಿಲ್ಲ. ಬೆಂಗಳೂರಿನ ಸುತ್ತಮುತ್ತ ಒಳ್ಳೆಯ ಸವಾರಿ ಶಾಲೆಗಳಿವೆ. ಟ್ರಾಟ್ ಎಂಬ ಸಣ್ಣ ಓಟದಲ್ಲಿ ಹೊತ್ತುಗಟ್ಟಲೆ ಏರಿಳಿಯುತ್ತಾ ಕೂರಲು, ಕ್ಯಾಂಟರ್ ಎಂಬ ಅದಕ್ಕಿಂತ ವೇಗದ ಓಟದಲ್ಲಿ ಲಗಾಮು ಸಡಿಲ ಬಿಡಲು, ಓಡುವ ಕುದುರೆಯನ್ನು ಹದಕ್ಕೆ ತರಲು ಕಲಿತಿರಬೇಕು. ದಿನಕ್ಕೆ ನಾಲ್ಕೈದು ಗಂಟೆ ಜೀನಿನ ಮೇಲಿರುವ ತ್ರಾಣ ಬೇಕು. ಸವಾರರ ತೂಕಕ್ಕೂ ಮಿತಿಯಿದೆ, ಹೆಚ್ಚಿನ ಕಡೆ 95 ಕಿಲೋ ಆಸುಪಾಸು. ಅಷ್ಟು ಪಳಗದವರಿಗೆ ದಕ್ಷಿಣ ಆಫ್ರಿಕಾದ ವಾಟರ್‌ಬರ್ಗ್ ಬೆಟ್ಟಸೀಮೆ ಒಳ್ಳೆಯ ಆಯ್ಕೆ. ಸಿಂಹಗಳಿಲ್ಲದ ಖಾಸಗಿ ಸಂರಕ್ಷಿತ ಜಮೀನುಗಳು ಅಲ್ಲಿವೆ. ಹೊಸಬರನ್ನೂ ಮಕ್ಕಳನ್ನೂ ನಡಿಗೆಯ ವೇಗದಲ್ಲಿ ಜಿರಾಫೆ, ಖಡ್ಗಮೃಗಗಳ ಬಳಿ ಕರೆದೊಯ್ಯುತ್ತಾರೆ. ಒಕವಾಂಗೊದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಅರ್ಜಿಯಲ್ಲಿ ಏನೇ ಬರೆದಿರಲಿ, ಹೋದ ಮೊದಲ ದಿನವೇ ಗೈಡ್ ನಿಮ್ಮ ಸವಾರಿ ನೋಡುತ್ತಾನೆ. ಅಪಾಯ ಬಂದರೆ ಕುದುರೆಯನ್ನು ಹಿಡಿತದಲ್ಲಿಡಲು ಇವರಿಂದಾಗದು ಎನ್ನಿಸಿದರೆ ಮುಲಾಜಿಲ್ಲದೆ ಕೆಳಗಿಳಿಸಿ ಜೀಪು ಹತ್ತಿಸುತ್ತಾನೆ.