ಹಳೆಯ ಚಮಚ, ಹೊಸ ಉಂಗುರ

ನಮ್ಮ ವಾಚಕರಲ್ಲಿ ಅನೇಕರ ಕೈಗೆ ದಿನವೊಂದಕ್ಕೆ ನೂರಾರು ಚಮಚಗಳು ಬರುತ್ತವೆ. ತೊಳೆದು, ಒರೆಸಿ, ರಾತ್ರಿ ಎಣಿಸಿ ಲೆಕ್ಕ ಒಪ್ಪಿಸುವುದರಲ್ಲಿಯೇ ಅವುಗಳ ಪರಿಚಯ ಮುಗಿಯುತ್ತದೆ. ಅದೇ ಚಮಚದ ಹಿಡಿಯನ್ನು ಬಗ್ಗಿಸಿ ಉಂಗುರವನ್ನೋ ಬಳೆಯನ್ನೋ ಮಾಡಿ ಮಾರುವವರಿದ್ದಾರೆಂದರೆ ನಗು ಬಂದೀತು. ಆದರೆ 1960 ಮತ್ತು 1970ರ ದಶಕಗಳಲ್ಲಿ ಅಮೆರಿಕದ ತರುಣ ತರುಣಿಯರು ಇಂಥ ಉಂಗುರಗಳನ್ನು ಹುಡುಕಿ ಕೊಂಡರು. ಬೇಡಿಕೆ ಇಂದಿಗೂ ಅಡಗಿಲ್ಲ.

ಯಜಮಾನನ ಬೆಳ್ಳಿ ಚಮಚವನ್ನು ಕದ್ದು ಬಡ ಸೇವಕನು ಮದುವೆಯ ಉಂಗುರ ಮಾಡಿಕೊಂಡನೆಂಬ ಕಥೆಯೊಂದು ಇಂಗ್ಲೆಂಡಿನದು. ಅದಕ್ಕೆ ಕಥೆಯ ಬೆಲೆಯನ್ನಷ್ಟೇ ಕೊಡೋಣ. ನಮ್ಮವರು ಮಾತ್ರ, ಹೊಟೇಲಿನ ಹೆಸರು ಕೊರೆದಿರುವ ಚಮಚವನ್ನು ರಸೀದಿಯಿಲ್ಲದೆ ಕೊಳ್ಳದಿರುವುದು ಲೇಸು. ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಸಾಮಾನು ಕೊಳ್ಳುವಾಗಲೂ ಒಂದು ಚೀಟಿ ಬರೆಯಿಸಿಕೊಳ್ಳಬೇಕು.

ಈ ಕಸುಬಿನ ಜೀವಾಳವೆಲ್ಲ ಲೋಹವನ್ನು ಗುರುತಿಸುವುದರಲ್ಲಿದೆ. ಹಿಡಿಯ ಹಿಂಬದಿಯನ್ನು ತಿರುವಿ ನೋಡಬೇಕು. 'ಸ್ಟರ್ಲಿಂಗ್' ಎಂದೋ 925 ಎಂದೋ ಇದ್ದರೆ ಸಾವಿರ ಪಾಲಿಗೆ 925 ಪಾಲು ಬೆಳ್ಳಿ. ಇಪ್ಪತ್ತು ಗ್ರಾಮಿನ ಚಮಚದಲ್ಲಿ ಹದಿನೆಂಟೂವರೆ ಗ್ರಾಮು. ನಡೆಯುವ ಸಿಂಹದ ಮುದ್ರೆಯೂ ಇಂಗ್ಲೆಂಡಿನ ಸ್ಟರ್ಲಿಂಗಿನ ಗುರುತೇ. 'ಇ.ಪಿ.ಎನ್.ಎಸ್.' ಎಂದಿದ್ದರೆ ಅದು ಬೇರೆ ಜಾತಿ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಹಕ್ಕುಪತ್ರ ಪಡೆದ ವಿದ್ಯುಲ್ಲೇಪನದಿಂದ ಬೆಳೆದ ಪದ್ಧತಿಯಿದು. ಮೇಲೆ ಕೂದಲೆಳೆಗಿಂತ ತೆಳುವಾದ ಬೆಳ್ಳಿ, ಒಳಗೆ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್, ಸತುವು ಮಾತ್ರ! ನಾವು ದಿನವೂ ತೊಳೆಯುವ ಸ್ಟೇನ್‌ಲೆಸ್ ಚಮಚವು ಗಡಸು. ಗರಗಸದ ಅಲಗನ್ನು ತಿನ್ನುತ್ತದೆ, ಕೈಗೆ ಸುಲಭವಾಗಿ ಬಗ್ಗದು. ಹೊಸಬರು ಅದನ್ನು ಬಿಡುವುದೇ ಮೇಲು.

ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ: ಸಣ್ಣ ಗರಗಸ, ಅರ, ಮರದ ಕೊಡತಿ, ಉಂಗುರದ ಅಳತೆಯ ಉಕ್ಕಿನ ಗೂಟ, ಎಮರಿ ಕಾಗದ. ಅಳತೆಯಲ್ಲಿಯೇ ಹಲವರು ಎಡವುತ್ತಾರೆ. ಒಳವ್ಯಾಸ 17 ಮಿಲಿಮೀಟರು, ಹಿಡಿಯ ದಪ್ಪ 2 ಮಿಲಿಮೀಟರು ಎಂದಿಟ್ಟುಕೊಳ್ಳಿ. ಬೆರಳಿನ ಸುತ್ತಳತೆಯಷ್ಟೇ, ಎಂದರೆ 53 ಮಿಲಿಮೀಟರಿಗೆ ಕತ್ತರಿಸಿದರೆ ತುದಿಗಳು ಕೂಡುವುದಿಲ್ಲ. ದಪ್ಪವನ್ನೂ ಸೇರಿಸಿ 60 ಬೇಕು. ತುದಿಗಳು ಒಂದರ ಮೇಲೊಂದು ಬರಬೇಕಾದರೆ ಇನ್ನೂ ಹೆಚ್ಚು. ಸ್ಟರ್ಲಿಂಗನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಬಡಿದಂತೆಲ್ಲ ಮತ್ತೆ ಗಡುಸಾಗುತ್ತದೆ. ಲೇಪದ ಚಮಚವನ್ನು ಹಾಗೆ ಕಾಯಿಸಿದರೆ ಬೆಳ್ಳಿ ಗುಳ್ಳೆಯೆದ್ದೀತು. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ. ಹಿಡಿಯ ಮೇಲಿನ ಹೂಬಳ್ಳಿಗೆ ಗಾಯವಾದರೆ, ಗಿರಾಕಿಯು ಯಾವುದಕ್ಕಾಗಿ ಹಣ ಕೊಡಬೇಕಾಗಿತ್ತೋ ಅದೇ ಹೋದಂತೆ.

ಮಾರಾಟದಲ್ಲಿ ಬಾಯಿಯ ಚಾತುರ್ಯಕ್ಕಿಂತ ಚೀಟಿಯ ಸತ್ಯವೇ ದೊಡ್ಡದು. ಲೇಪದ ಉಂಗುರವನ್ನು 'ಹಳೆಯ ಬೆಳ್ಳಿ' ಎಂದು ಮಾರುವವರನ್ನು ನಾವು ವ್ಯಾಪಾರಿಗಳೆನ್ನಲಾರೆವು. ಮೋಸ ಹಣದ್ದಷ್ಟೇ ಅಲ್ಲ. ಉಜ್ಜಿ ಉಜ್ಜಿ ಲೇಪ ಸವೆದಾಗ ನಿಕಲ್ಲು ಚರ್ಮಕ್ಕೆ ತಾಗುತ್ತದೆ. ಕೆಲವರಿಗೆ ಅದರಿಂದ ತುರಿಕೆ, ಗಂಧೆಗಳೇಳುತ್ತವೆ. ಒಂದೆರಡು ರೂಪಾಯಿ ಕಡಮೆ ಬಂದರೂ ಚಿಂತೆಯಿಲ್ಲ, 'ಜರ್ಮನ್ ಸಿಲ್ವರಿನ ಮೇಲೆ ಬೆಳ್ಳಿಯ ಲೇಪ, ನಿಕಲ್ ಉಂಟು' ಎಂದು ಚೀಟಿಯಲ್ಲಿ ಬರೆಯಬೇಕು. ಮುಳ್ಳುಚಮಚದ ಹಲ್ಲುಗಳಿಂದ ಓಲೆ ಮಾಡುವವರು ಕಿವಿಯೊಳಗೆ ಹೋಗುವ ಕೊಕ್ಕೆಯನ್ನಾದರೂ ಸ್ಟರ್ಲಿಂಗಿನಲ್ಲಿಯೇ ಮಾಡಿ ಜೋಡಿಸಲಿ.