ಗಾಯವೇ ಬಾಗಿಲಾದ ಬಗೆ

ಜೀನ್ ಚಿಕಿತ್ಸೆಗೆ ಚರ್ಮದಷ್ಟು ಸುಲಭದ ಜಾಗವಿಲ್ಲ ಅನ್ನಿಸುತ್ತದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆದರೆ ಹೊರಗಿನದನ್ನು ಒಳಗೆ ಬಿಡದಿರುವುದೇ ಚರ್ಮದ ಕಸುಬು. ವೈರಸ್ಸಿನಲ್ಲಿ ಜೀನ್ ತುಂಬಿ ಮೇಲೆ ಸವರಿದರೆ ಅದು ಮೇಲೇ ಉಳಿದುಬಿಡುತ್ತದೆ.

ಡಿಸ್ಟ್ರೋಫಿಕ್ ಎಪಿಡರ್ಮೋಲೈಸಿಸ್ ಬುಲ್ಲೋಸಾ ಎಂಬ ಹುಟ್ಟುರೋಗದಲ್ಲಿ ಮಾತ್ರ ಲೆಕ್ಕ ಬೇರೆ. ಕೌದಿಯ ಪದರಗಳನ್ನು ದಾರ ಹಿಡಿದಿಟ್ಟಂತೆ ಚರ್ಮದ ಮೇಲ್ಪದರವನ್ನು ಕೆಳಗಿನದಕ್ಕೆ ಹಿಡಿದಿಡುವುದು ಏಳನೆಯ ಬಗೆಯ ಕೊಲಾಜನ್ ಎಂಬ ಪ್ರೋಟೀನ್. ಅದರ ಜೀನ್ ಕೆಟ್ಟರೆ ಅಂಗಿ ಉಜ್ಜಿದರೂ ಬೊಕ್ಕೆ ಎದ್ದು, ಒಡೆದು, ಮಾಯದ ಹುಣ್ಣಾಗುತ್ತದೆ.

ಯಾವ ಜೀನ್ ಎಂಬುದು 1990ರ ದಶಕದಲ್ಲೇ ಗೊತ್ತಾಗಿತ್ತು. ಸಿಗದಿದ್ದದ್ದು ಅದನ್ನು ಒಯ್ಯುವ ವಾಹನ. ಜೀನ್ ಚಿಕಿತ್ಸೆಯವರು ಹೆಚ್ಚು ನೆಚ್ಚಿಕೊಂಡಿರುವ ಎಎವಿ ವೈರಸ್ಸಿನಲ್ಲಿ ಹಿಡಿಸುವುದು ಸುಮಾರು 4,700 ಡಿಎನ್‌ಎ ಅಕ್ಷರ. ಇಲ್ಲಿ ಒಯ್ಯಬೇಕಾದದ್ದು 9,000ದಷ್ಟು. ಇಟಲಿಯ ವಿಜ್ಞಾನಿ ಮಿಕೆಲೆ ಡಿ ಲೂಕಾ ತಂಡ ಬೇರೆಯೇ ದಾರಿ ಹಿಡಿದಿತ್ತು. 2015ರಲ್ಲಿ ಜರ್ಮನಿಯಲ್ಲಿ, ಇದೇ ಬಳಗದ ಇನ್ನೊಂದು ರೋಗವಿದ್ದ ಏಳು ವರ್ಷದ ಹುಡುಗನ ಜೀವಕೋಶ ತೆಗೆದು, ಜೀನ್ ಸರಿಪಡಿಸಿ, ಹಾಳೆಗಳಾಗಿ ಬೆಳೆಸಿ ಮೈಯ ಶೇಕಡಾ 80ರಷ್ಟು ಚರ್ಮವನ್ನೇ ಬದಲಿಸಿದರು. ಹುಡುಗ ಬದುಕಿದ. ಆದರೆ ಎಲ್ಲರಿಗೂ ಮಾಡಬಹುದಾದ ಕೆಲಸವಲ್ಲ ಅದು.

2016ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕ್ರಿಸ್ಟಲ್ ಬಯೋಟೆಕ್ ಕಂಪನಿ ಕಟ್ಟಿದ ಸುಮಾ ಮತ್ತು ಕ್ರಿಶ್ ಕೃಷ್ಣನ್ ದಂಪತಿ ವಾಹನವಾಗಿ ಆರಿಸಿಕೊಂಡದ್ದು ತುಟಿಯಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನು. ಅದರ ಸ್ವಂತ ಡಿಎನ್‌ಎ ಒಂದೂವರೆ ಲಕ್ಷ ಅಕ್ಷರದ್ದು, ಜಾಗಕ್ಕೆ ಬರವಿಲ್ಲ. ಮರಿ ಹಾಕಲು ಬೇಕಾದ ಜೀನುಗಳನ್ನು ಕಿತ್ತು ಕೊಲಾಜನ್ ಜೀನನ್ನು ಕೂರಿಸಿದರು.

ನನಗೆ ಜಾಣತನ ಕಾಣುವುದು ಮುಂದಿನದರಲ್ಲಿ. ಈ ಜೀನ್ ನಮ್ಮ ಡಿಎನ್‌ಎಯೊಳಗೆ ಸೇರಿಕೊಳ್ಳುವುದಿಲ್ಲ. ಜೀವಕೋಶ ಉದುರಿದರೆ ಅದೂ ಹೋಯಿತು. ಒಂದೇ ಸಲಕ್ಕೆ ಶಾಶ್ವತ ಗುಣ ಬಯಸುವವರಿಗೆ ಇದು ಕೊರತೆ. ಇವರು ಮಾತ್ರ ವಾರಕ್ಕೊಮ್ಮೆ ಮತ್ತೆ ಹಚ್ಚಿದರಾಯಿತು ಎಂದರು. ಎಎವಿಯಾದರೆ ಎರಡನೇ ಸಲಕ್ಕೆ ದೇಹ ಹೊಡೆದೋಡಿಸುತ್ತಿತ್ತು. ಹರ್ಪಿಸ್ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸುವುದರಲ್ಲಿ ಪಳಗಿದ್ದು. ಇನ್ನು ಚರ್ಮದ ಗೋಡೆ? ಹುಣ್ಣಿರುವಲ್ಲಿ ಗೋಡೆಯೇ ಇಲ್ಲ. ಸೂಜಿ ಬೇಡ, ಕತ್ತರಿ ಬೇಡ, ಜೆಲ್‌ನಲ್ಲಿ ಬೆರೆಸಿ ಹುಣ್ಣಿನ ಮೇಲೆ ಹನಿಹನಿಯಾಗಿ ಇಟ್ಟು ಬ್ಯಾಂಡೇಜ್ ಕಟ್ಟಿದರೆ ಸಾಕು.

ಸ್ಟ್ಯಾನ್‌ಫರ್ಡ್‌ನ ಚರ್ಮವೈದ್ಯ ಪೀಟರ್ ಮರಿಂಕೊವಿಚ್ ಮೊದಲ ಪ್ರಯೋಗಗಳನ್ನು ನಡೆಸಿದರು. ಕೊನೆಯ ಹಂತದಲ್ಲಿ 31 ರೋಗಿಗಳು. ಪ್ರತಿಯೊಬ್ಬರ ಒಂದು ಗಾಯಕ್ಕೆ ಔಷಧ, ಅಂಥದೇ ಇನ್ನೊಂದಕ್ಕೆ ಬರೀ ಜೆಲ್. ಆರು ತಿಂಗಳಿಗೆ ಪೂರ್ತಿ ಮುಚ್ಚಿದವು, ಔಷಧದ್ದು ಶೇಕಡಾ 67, ಜೆಲ್‌ನದು 22. ಮೇ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆಗ ಒಂದು ಬಾಟಲಿಗೆ 24,250 ಡಾಲರ್; ಬೆಲೆ ಕೇಳಿದರೇ ಮೈ ಉರಿಯುತ್ತದೆ.

ಈ ಪ್ರಯೋಗದಲ್ಲಿದ್ದ ಹುಡುಗನೊಬ್ಬನ ಕಣ್ಣಿನ ಮೇಲೂ ಇದೇ ರೋಗ ಗಾಯದ ಪೊರೆ ಕಟ್ಟಿತ್ತು, ದೃಷ್ಟಿ ಹೋಗಿತ್ತು. ಮಯಾಮಿಯ ನೇತ್ರತಜ್ಞ ಅಲ್ಫಾನ್ಸೊ ಸಬಾಟರ್, ಜೆಲ್ ಬಿಟ್ಟು ಕಣ್ಣಿನ ಹನಿಯಾಗಿ ಕೊಡಲಾದೀತೇ ಎಂದು ಕಂಪನಿಯನ್ನು ಕೇಳಿದರು. ಪೊರೆ ಕತ್ತರಿಸಿ ತೆಗೆದು ಹನಿ ಹಾಕುತ್ತ ಬಂದರು. ಪೊರೆ ಮತ್ತೆ ಬೆಳೆಯಲಿಲ್ಲ.